ತೊಂಬತ್ತೊಂದಕ್ಕೆ ನಿಂತ ತೂಕ

ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಊರಿನ ಅರ್ಧ ಹೆಂಗಸರ ಎದೆ, ಸೊಂಟ, ತೋಳಿನ ಅಳತೆ ನನ್ನ ತಲೆಯಲ್ಲಿದೆ. ಯಾರು ಯಾವ ವರ್ಷ ಎಷ್ಟು ಊದಿದರು, ಯಾರು ಮಗಳ ಮದುವೆಗೆ ಅಂತ ಉಪವಾಸ ಬಿದ್ದು ಎಷ್ಟು ಸೊರಗಿದರು ಎಲ್ಲ ಗೊತ್ತು. ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ಒಂದು ದಿನವೂ ಆಡಿದವಳಲ್ಲ ನಾನು. ಆ ಮರ್ಯಾದೆಯನ್ನು ಊರು ನನಗೆ ವಾಪಸು ಕೊಡಲಿಲ್ಲ. ಹೋದ ವರ್ಷ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕತ್ತರಿಸಿಕೊಂಡು ಬಂದ ದಿನದಿಂದ ನನ್ನ ತೂಕ ಸಾರ್ವಜನಿಕ ಆಸ್ತಿಯಾಯಿತು. ಪಟ್ಟಣ ಪಂಚಾಯಿತಿಯ ನಲ್ಲಿ ನೀರಿನ ಬಗ್ಗೆಯೂ ಜನ ಅಷ್ಟು ಹಕ್ಕಿನಿಂದ ಕೇಳುವುದಿಲ್ಲ.

ಹೊಟ್ಟೆ ಕತ್ತರಿಸಿಕೊಂಡೆ ಅಂದರೆ ಜನ ಬೊಜ್ಜನ್ನು ಕೊಯ್ದು ಬುಟ್ಟಿಗೆ ಹಾಕಿದರು ಅಂದುಕೊಳ್ಳುತ್ತಾರೆ. ಹಾಗಲ್ಲ. ಅನ್ನ ಹೋಗಿ ಕೂರುವ ಚೀಲವನ್ನೇ ಹೆಚ್ಚುಪಾಲು ತೆಗೆದು, ಉಳಿದದ್ದನ್ನು ಸಣ್ಣ ಕೊಳವೆ ಮಾಡಿ ಬಿಡುತ್ತಾರೆ. ಆಮೇಲೆ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ, ಐದನೆಯದು ಇಳಿಸಿದರೆ ಎದೆಯಲ್ಲಿ ಕಲ್ಲು ಕೂತಂತಾಗುತ್ತದೆ. ಮೊದಲ ತಿಂಗಳುಗಳಲ್ಲಿ ನನ್ನ ಮೈ ಎಂಥ ಚೆಂದಕ್ಕೆ ಇಳಿಯಿತು ಅಂದರೆ, ಗಿರಾಕಿಗಳ ಕೆಲಸ ಬದಿಗಿಟ್ಟು ನನ್ನ ಬ್ಲೌಸುಗಳಿಗೇ ಪಕ್ಕದ ಹೊಲಿಗೆ ಹಾಕಿ ಬಿಗಿ ಮಾಡಿಕೊಳ್ಳುತ್ತಾ ಕೂತಿರುತ್ತಿದ್ದೆ. ಮಂಡಿ ಹಿಡಿಯದೆ ಮಿಷನ್ ತುಳಿದೆ. ಮೆಟ್ಟಿಲು ಹತ್ತಿ ಮಾತಾಡಿದೆ, ಏದುಸಿರು ಬರಲಿಲ್ಲ. ಅದಾದ ಮೇಲೆ ಒಂದು ದಿನ ತೂಕದ ಯಂತ್ರ ತೊಂಬತ್ತೊಂದು ತೋರಿಸಿತು. ಮುಂದಿನ ವಾರವೂ ತೊಂಬತ್ತೊಂದು. ಅದರ ಮುಂದಿನ ತಿಂಗಳೂ ಅದೇ. ಯಂತ್ರ ಕೆಟ್ಟಿದೆ ಅಂತ ಹೊಸ ಸೆಲ್ ಹಾಕಿಸಿದೆ. ಹೊಸ ಸೆಲ್ ಹಾಕಿದ ಯಂತ್ರ ಇನ್ನೂ ಢಾಳಾಗಿ ತೊಂಬತ್ತೊಂದು ಅಂದಿತು.

ಇದು ಊರಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ನನ್ನ ಗಂಡನ ಬಾಯಿಯೇ ಇರಬೇಕು. ಅವರು ಯಾರಿಗೂ ಕೇಡು ಬಯಸುವವರಲ್ಲ, ಹೇಳಬಾರದ್ದನ್ನು ಮಾತ್ರ ತಪ್ಪದೆ ಹೇಳುತ್ತಾರೆ. ಅಂಗಡಿಗೆ ಬಂದವರೆಲ್ಲ ಬಟ್ಟೆಯ ಗಂಟು ಬಿಚ್ಚುವ ಮೊದಲು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದರು. ಟೇಪು ಹಿಡಿದವಳು ನಾನು, ಅಳೆಯುವವರು ಅವರು!

"ನಿಂತೋತಂತಲ್ರಿ? ಅಷ್ಟೆಲ್ಲ ಕೊಯ್ಸ್ಕಂಡ್ರೂ?"

"ನಮ್ ಚಿಕ್ಕಮ್ಮ ಬಿಸಿ ನೀರಿಗೆ ಜೀರಿಗೆ ಹಾಕ್ಕಂಡು ಕುಡ್ದು ಹೆಂಗಾಗ್ಯವ್ರೆ ನೋಡ್ರಿ. ಸುಮ್ನೆ ಆಸ್ಪತ್ರೆ ಕಂಡ್ರಿ ನೀವು."

ಆ ಚಿಕ್ಕಮ್ಮನ ಬ್ಲೌಸ್ ಹೊಲಿಯುವವಳು ನಾನೇ. ಆಕೆ ಹೇಗಾಗಿದ್ದಾರೆ ಅಂತ ನನ್ನ ಟೇಪಿಗೆ ಚೆನ್ನಾಗಿ ಗೊತ್ತು. ಆದರೂ ಟೇಪು ಹಿಡಿದು ಅಳತೆ ತೆಗೆಯತೊಡಗಿದೆ. ನಮ್ಮ ಕಡೆ ಬ್ಲೌಸ್ ಹೊಲಿಯಲು ಕೊಡುವಾಗ ಪ್ರತಿಯೊಬ್ಬ ಹೆಂಗಸೂ ತಪ್ಪದೆ ಹೇಳುವ ಮಾತೊಂದಿದೆ: "ಒಳಗೆ ಬಟ್ಟೆ ಬಿಡ್ರಿ." ಮುಂದೆ ದಪ್ಪಗಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲು ಆ ಬಟ್ಟೆ ಬೇಕು. ಸಣ್ಣಗಾಗುವ ಆಲೋಚನೆ ಒಬ್ಬರಿಗೂ ಇಲ್ಲ, ಅದರ ಬಗ್ಗೆ ಪ್ರವಚನ ಮಾಡಲು ಮಾತ್ರ ಎಲ್ಲರೂ ತಯಾರು. ಅವರ ಬ್ಲೌಸುಗಳಿಗೆ ನಾನು ಧಾರಾಳವಾಗಿ ಒಳಗೆ ಬಟ್ಟೆ ಬಿಟ್ಟೆ.

ಊರು ಏನಾದರೂ ಅಂದುಕೊಳ್ಳಲಿ ಅಂತ ನಾನು ಇದ್ದುಬಿಡಬಹುದಿತ್ತು. ಇರಲಾಗದೆ ಹೋದದ್ದು ನನ್ನ ತಂಗಿಯಿಂದ. ಅವಳನ್ನು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಗೆ ಕೊಟ್ಟಿದೆ. ಗಂಡನ ಮನೆಯವರು ಹೊಲ ಮಾಡುತ್ತಾರೆ, ಕುರಿ ಸಾಕುತ್ತಾರೆ. ನಮ್ಮ ಮನೆಯ ಮೈಕಟ್ಟು ಅವಳಿಗೂ ಬಂದಿದೆ, ಸಾಲದ್ದಕ್ಕೆ ಸಕ್ಕರೆ ಕಾಯಿಲೆ ನನಗಿಂತ ಮೊದಲೇ ಬಂತು. ಹೋದ ಬೇಸಿಗೆಯಲ್ಲಿ ಅವಳು ಹೊಲದಿಂದ ಮನೆಗೆ ಬರುವಾಗ ಒಂದು ಕಾಲಿನ ಚಪ್ಪಲಿ ಕಳಚಿಹೋಗಿತ್ತು. ಸಕ್ಕರೆಯಿಂದ ಕಾಲು ಮರಗಟ್ಟಿ ಕಳಚಿದ್ದು ಅವಳಿಗೆ ಗೊತ್ತಾಗಲಿಲ್ಲ. ಕಾದ ಟಾರು ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ಬಂದಿದ್ದಾಳೆ, ಮನೆಯ ಹೊಸ್ತಿಲಲ್ಲಿ ಮಗಳು ನೋಡಿ ಕಿರುಚಿದ ಮೇಲೆ ಅಂಗಾಲು ಬೊಬ್ಬೆ ಬಂದದ್ದು ಕಂಡಿದೆ. ನನಗೆ ಆಪರೇಷನ್ ಮಾಡಿದ ಡಾಕ್ಟರು ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ ಬಂದು ರೋಗಿಗಳನ್ನು ನೋಡುತ್ತಾರೆ. ಅವಳನ್ನು ಅಲ್ಲಿಗೆ ಕರೆದೊಯ್ದು ತೋರಿಸಿದೆ. ನಿಮಗೂ ಇದೇ ಆಪರೇಷನ್ ಒಳ್ಳೆಯದು, ಸಕ್ಕರೆ ಹಿಡಿತಕ್ಕೆ ಬರುವ ಸಾಧ್ಯತೆ ಇದೆ, ತಡ ಮಾಡಿದಷ್ಟೂ ಕಾಲಿಗೆ ಅಪಾಯ ಅಂದರು.

ತಂಗಿ ಆಗ ಅಂದದ್ದು ಇಷ್ಟೇ: "ಅಕ್ಕಂದು ಏನಾಗ್ತೈತೋ ನೋಡ್ಕಂಡು ಮಾಡಿಸ್ತೀನಿ."

ಹೀಗೆ ಅವಳ ಕಾಲು ಬಂದು ನನ್ನ ತೂಕದ ಮೇಲೆ ಕೂತಿತು. ನಾನು ಇಳಿದರೆ ಅವಳು ಆಸ್ಪತ್ರೆಗೆ ಹೋಗುತ್ತಾಳೆ. ನಾನು ನಿಂತರೆ ಅವಳೂ ನಿಲ್ಲುತ್ತಾಳೆ. ತೊಂಬತ್ತೊಂದು ಅಂತ ಹೇಳುವ ಆ ಯಂತ್ರವನ್ನು ನಾನು ಕಾಲಿಂದ ಒದ್ದದ್ದು ಅದಕ್ಕೇ. ಒದ್ದರೆ ನನ್ನ ಹೆಬ್ಬೆರಳಿಗೇ ಪೆಟ್ಟಾಯಿತು.

ತಂಗಿಯ ಅತ್ತೆಗೆ ಯಂತ್ರವೂ ಬೇಕಿರಲಿಲ್ಲ. ಹಬ್ಬಕ್ಕೆಂದು ಹರಿಯಬ್ಬೆಗೆ ಹೋದಾಗ ಆಕೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು, ಕುಶಲ ಕೇಳುತ್ತಲೇ ಬೆನ್ನ ಮೇಲೆ ಕೈ ಇಟ್ಟರು. ಹೆಬ್ಬೆರಳು ಬೆನ್ನಿನ ಮೂಳೆಯ ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ಸಂತೆಯಲ್ಲಿ ಕುರಿಗೆ ಮಾಂಸ ಎಷ್ಟಿದೆ ಅಂತ ಹಿಡಿದು ನೋಡುವುದು ಹೀಗೆಯೇ. ಆಮೇಲೆ ತೋಳು ಹಿಚುಕಿದರು. ಮನೆಯವರೆಲ್ಲ ಆಕೆಯ ಮುಖವನ್ನೇ ನೋಡುತ್ತಿದ್ದರು.

"ಇಳಿದಿಲ್ಲ ಬಿಡವ್ವ. ಹೋದ್ಸಲ ಹಿಡಿದಾಗ್ಲೂ ಇಷ್ಟೇ ಇತ್ತು," ಅಂದು ಆಕೆ ಮಗನ ಕಡೆ ತಿರುಗಿದರು. "ಇದುಕ್ಕೇನಪ್ಪ ಹೊಟ್ಟೆ ಕೊಯ್ಸ್ಕಬೇಕು? ಇವ್ಳ ಹೊಟ್ಟೆ ಹೋತು, ಮೈ ಹಂಗೇ ಐತೆ."

ಮಗ ತಲೆ ಆಡಿಸಿದ. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. ಆ ಯಮ್ಮನಿಗೆ ಸಕ್ಕರೆ ಕಾಯಿಲೆಯ ಔಷಧಿ ಯಾವುದು ಅಂತ ಗೊತ್ತಿಲ್ಲ, ಸೊಸೆಯ ಅಂಗಾಲನ್ನು ಒಂದು ದಿನ ತಿರುಗಿಸಿ ನೋಡಿಲ್ಲ, ಆದರೆ ಆಪರೇಷನ್ ಬೇಕೋ ಬೇಡವೋ ಅನ್ನುವುದನ್ನು ನನ್ನ ಬೆನ್ನು ಹಿಡಿದು ತೀರ್ಮಾನಿಸಿಬಿಟ್ಟರು! ಮುದ್ದೆ ಬಡಿಸಲು ಬಂದಾಗ ಬೇಡ ಅಂದೆ. "ಉಣ್ಣದಿದ್ರೆ ಬ್ಯಾಡ, ಒಂದ್ ಲೋಟ ಕುಡ್ದಾದ್ರೂ ಹೋಗು, ಬಾಯಿ ಒಣಗಿಸ್ಕಂಡು ಹೋಗಬ್ಯಾಡ," ಅಂತ ಬೆಲ್ಲ ಹಾಕಿ ಕಾಯಿಸಿದ ರಾಗಿ ಗಂಜಿ ತಂದು ಕೈಗಿಟ್ಟರು. ಕುಡಿದೆ. ಚೆನ್ನಾಗಿತ್ತು.

ಅಲ್ಲಿಂದ ಬಂದ ಮೇಲೆ ನನಗೆ ಹಟ ಹಿಡಿಯಿತು. ಬೆಳಿಗ್ಗೆ ಎದ್ದು ಮೈದಾನಕ್ಕೆ ನಡೆಯಲು ಹೋದೆ. ಮೈದಾನದಲ್ಲಿ ನಡೆಯುವವರ ಗುಂಪೊಂದಿದೆ. ಇವರು ನಡೆಯುವುದಕ್ಕಿಂತ ನಿಂತು ಹೇಳುವುದು ಹೆಚ್ಚು. ಒಬ್ಬರು ಅನ್ನ ಬಿಡಿ ಅಂದರು. ಇನ್ನೊಬ್ಬರು ಅನ್ನವೊಂದೇ ತಿನ್ನಿ ಅಂದರು. ಮೂರನೆಯವರು ಮೊಬೈಲಿನಲ್ಲಿ ಯಾರೋ ತೆಳ್ಳನೆಯ ಹುಡುಗಿ ಕುಣಿಯುವ ವಿಡಿಯೋ ತೋರಿಸಿ, ಹೀಗೆ ಮಾಡಿ ಅಂದರು. ಆ ಹುಡುಗಿ ಹುಟ್ಟಿದಾಗಿನಿಂದ ತೆಳ್ಳಗೇ ಇದ್ದವಳು ಅನ್ನುವುದು ಅವಳ ಮಣಿಕಟ್ಟು ನೋಡಿದರೆ ಯಾವ ದರ್ಜಿಗಾದರೂ ತಿಳಿಯುತ್ತದೆ. ನಮ್ಮ ಓಣಿಯಲ್ಲೇ ಒಬ್ಬಾಕೆ ಡಬ್ಬಿಯ ಪುಡಿ ಮಾರುತ್ತಾರೆ. ಊಟದ ಬದಲು ಅದನ್ನು ಕಲಸಿ ಕುಡಿಯಬೇಕಂತೆ. ಅದನ್ನು ಮಾರುತ್ತಾ ಮಾರುತ್ತಾ ಅವರು ಎರಡು ಸಲ ಬ್ಲೌಸಿನ ಒಳಗಿನ ಬಟ್ಟೆ ಬಿಚ್ಚಿಸಿಕೊಂಡಿದ್ದಾರೆ.

ಇವರನ್ನೆಲ್ಲ ಆಡಿಕೊಂಡ ನಾನೇ ಮಾಡಿದ್ದೇನು ಗೊತ್ತೇ? ಆಪರೇಷನ್ ಆದ ಹೊಸದರಲ್ಲಿ ಬರೀ ನೀರು ಪದಾರ್ಥ ಕುಡಿದಾಗ ಚೆನ್ನಾಗಿ ಇಳಿದಿತ್ತಲ್ಲ, ಮತ್ತೆ ಹಾಗೇ ಮಾಡೋಣ ಅಂದುಕೊಂಡೆ. ತಿನ್ನುವುದನ್ನು ಬಿಟ್ಟೆ. ಬೇಳೆ, ಮೊಟ್ಟೆ, ಕಾಳಿನ ಪಲ್ಯ ಎಲ್ಲ ಬಂದ್. ಹಸಿವಾದಾಗ ಗಂಜಿ ಕುಡಿದೆ. ಅಂಗಡಿಗೆ ಬಂದವರು ಚಹಾ ತರಿಸಿದರೆ ಕುಡಿದೆ. ಹೊಸದುರ್ಗದಲ್ಲಿ ನಮ್ಮ ಸಂಬಂಧದ ಒಂದು ಮದುವೆಗೆ ಹೋದಾಗ ಎಲೆಯ ಮುಂದೆ ಕೂರಲೇ ಇಲ್ಲ. ಅದನ್ನು ಕಂಡು ಹೆಣ್ಣಿನ ಕಡೆಯವರು ಗಾಬರಿಯಾಗಿ ಬಾದಾಮಿ ಹಾಲು ತಂದರು. ಆಮೇಲೆ ಗಂಡಿನ ಕಡೆಯವರಿಗೂ ಗಾಬರಿಯಾಗಿ ಅವರೂ ಬಾದಾಮಿ ಹಾಲು ತಂದರು. ದಾರಿಯಲ್ಲಿ ಬಿಸಿಲಿತ್ತು, ಕಬ್ಬಿನ ಹಾಲು ಕುಡಿದೆ. ಇಡೀ ದಿನ ಒಂದು ಅಗುಳು ಮುಟ್ಟಿಲ್ಲ ಅಂತ ಹೆಮ್ಮೆಯಿಂದ ಮನೆಗೆ ಬಂದು ಮಲಗಿದೆ. ವಾರ ಕಳೆದು ಯಂತ್ರ ಹತ್ತಿದರೆ ತೊಂಬತ್ತಮೂರು.

ಡಾಕ್ಟರು ದುರ್ಗಕ್ಕೆ ಬಂದ ದಿನ ಹೋದೆ. ಅಲ್ಲಿ ಅವರ ಜೊತೆ ಊಟದ ವಿಚಾರ ಹೇಳುವ ಒಬ್ಬ ಹುಡುಗಿ ಇರುತ್ತಾಳೆ. ಡಾಕ್ಟರು, ಕೆಲವು ತಿಂಗಳಾದ ಮೇಲೆ ತೂಕ ನಿಲ್ಲುವುದು ಎಲ್ಲರಿಗೂ ಆಗುತ್ತದೆ, ಮೈ ಕಡಿಮೆ ಊಟಕ್ಕೆ ಒಗ್ಗಿಕೊಳ್ಳುತ್ತದೆ, ಹೆದರಬೇಡಿ ಅಂತ ಹೇಳಿ ಅವಳ ಹತ್ತಿರ ಕಳಿಸಿದರು. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದೆ. "ನಾನೇನೂ ತಿನ್ನಲ್ಲ ಕಣಮ್ಮ. ಏನೂ ಅಂದ್ರೆ ಏನೂ ಇಲ್ಲ."

"ತಿನ್ನೋದು ಆಮೇಲೆ ಹೇಳ್ರಿ. ಏನೇನು ಕುಡೀತೀರಾ?"

ಇದೆಂಥ ಪ್ರಶ್ನೆ ಅನ್ನಿಸಿತು. ಕುಡಿಯುವುದು ಲೆಕ್ಕವೇ? ನಮ್ಮ ಕಡೆ ಉಪವಾಸ ಇದ್ದವರೂ ಕಾಫಿ ಕುಡಿಯುತ್ತಾರೆ. ಹಲ್ಲಿಗೆ ಕೆಲಸ ಕೊಡದ್ದು ಯಾವುದೂ ಊಟವಲ್ಲ. ಗಂಜಿ ಕುಡಿದವನನ್ನು ಉಂಡೆಯಾ ಅಂತ ಕೇಳಿದರೆ ಇನ್ನೂ ಇಲ್ಲ ಅನ್ನುತ್ತಾನೆ. ಉಡಾಫೆಯಿಂದಲೇ ಒಂದೊಂದಾಗಿ ಹೇಳತೊಡಗಿದೆ. ಗಂಜಿ ಅಂದೆ, ಚಹಾ ಅಂದೆ, ಬಾದಾಮಿ ಹಾಲಿನ ಹತ್ತಿರ ಬರುವಷ್ಟರಲ್ಲಿ ನನ್ನ ದನಿ ಸಣ್ಣಗಾಗಿತ್ತು. ಕಬ್ಬಿನ ಹಾಲನ್ನು ಹೇಳದೆ ಬಿಡೋಣ ಅನ್ನಿಸಿತು, ಆದರೂ ಹೇಳಿದೆ.

ಹುಡುಗಿ ನಗಲಿಲ್ಲ. ನಕ್ಕಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. "ಸಣ್ಣ ಹೊಟ್ಟೇಲಿ ಮುದ್ದೆ ನಿಲ್ತೈತೆ, ಸಾಕು ಅನ್ಸುತ್ತೆ. ಹಾಲು, ಬೆಲ್ಲ ನಿಲ್ಲಲ್ಲ ಅಮ್ಮ, ಸೀದಾ ಇಳಿದುಹೋಗ್ತಾವೆ. ಅದುಕ್ಕೇ ಎಷ್ಟು ಕುಡಿದ್ರೂ ಹೊಟ್ಟೆ ತುಂಬಲ್ಲ. ಕಾಳು, ಮೊಟ್ಟೆ ತಿನ್ರಿ. ನೀರು ಕುಡೀರಿ. ಸಿಹಿ ಇರೋ ಲೋಟ ಮುಟ್ಟಬ್ಯಾಡ್ರಿ," ಅಂದಳು.

ಡಾಕ್ಟರ ಕತ್ತರಿ, ನನ್ನ ಹೊಲಿಗೆ, ನನ್ನ ಹಟ ಇವೆಲ್ಲವನ್ನೂ ಒಂದು ಗಂಜಿ ಲೋಟ ಸೋಲಿಸಿಬಿಟ್ಟಿತ್ತು. ಬಸ್ಸಿನಲ್ಲಿ ಬರುವಾಗ ನನ್ನ ಮೇಲೆ ನನಗೇ ಎಷ್ಟು ತಿರಸ್ಕಾರ ಬಂತು ಅಂದರೆ, ಪಕ್ಕದಲ್ಲಿ ಕೂತಾಕೆ ಸುಮ್ಮನೆ ಮುಖ ನೋಡಿದ್ದಕ್ಕೆ "ಏನು?" ಅಂತ ಗದರಿದೆ.

ಆಮೇಲೆ ಲೋಟ ಬಿಟ್ಟೆ. ಮುದ್ದೆ ಬೇಡ ಅಂದರೆ ಜನಕ್ಕೆ ಬೇಜಾರು, ಲೋಟ ಬೇಡ ಅಂದರೆ ಅವಮಾನ. "ನಮ್ ಮನೇದು ನೀರೂ ಬ್ಯಾಡ್ವಾ ನಿಮಗೆ?" ಅಂತ ಮುಖ ಗಂಟು ಹಾಕಿದರು. ನೀರೇ ಕೊಡಿ ಅಂದರೆ ಬರೀ ನೀರು ಹೆಂಗೆ ಕೊಡಾಣ ಅಂತ ನಿಂಬೆಹಣ್ಣು, ಸಕ್ಕರೆ ಹುಡುಕಲು ಓಡಿದರು. ನಾನು ಎದ್ದು ಬಂದೆ. ಇಬ್ಬರು ಗಿರಾಕಿಗಳು ನನ್ನ ಅಂಗಡಿ ಬಿಟ್ಟು ಪಕ್ಕದ ಓಣಿಯವಳ ಹತ್ತಿರ ಹೋದರು. ಹೋಗಲಿ. ಅವಳು ಕಂಕುಳ ಹತ್ತಿರ ಹೊಲಿಗೆ ಸರಿಯಾಗಿ ಕೂರಿಸುವುದಿಲ್ಲ.

ತೂಕ ಮೇಲೆ ಹತ್ತಿದ್ದು ಇಳಿದು ಮತ್ತೆ ತೊಂಬತ್ತೊಂದಕ್ಕೆ ಬಂತು. ಬಂದು, ಅಲ್ಲೇ ಕೂತಿತು. ಇನ್ನೂ ಸ್ವಲ್ಪ ದಿನ ಬೇಕು ಅಂತ ಹುಡುಗಿ ಫೋನಿನಲ್ಲಿ ಹೇಳಿದಳು. ದಿನ ಎಲ್ಲಿಂದ ತರಲಿ? ಡಾಕ್ಟರು ದುರ್ಗಕ್ಕೆ ಬರುವ ದಿನ ಹತ್ತಿರವಾಗುತ್ತಿತ್ತು, ತಂಗಿಯ ಮನೆಯಲ್ಲಿ ಯಾರೂ ಆಪರೇಷನ್ ಮಾತೇ ಎತ್ತುತ್ತಿರಲಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ ಅವಳು ಹುರುಳಿಯ ರೇಟು, ಕುರಿಮರಿಯ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಅವಳೇ ಬಂದಳು. ಹಿರಿಯೂರಿಗೆ ಬಂದು, ದುರ್ಗದಲ್ಲಿ ಬಸ್ ಬದಲಿಸಿ, ಮಗಳ ಲಂಗದ ಬಟ್ಟೆಯ ನೆಪ ಮಾಡಿಕೊಂಡು ಬಂದಿದ್ದಳು. ಅಂಗಡಿಯ ಹಿಂದೆಯೇ ನಮ್ಮ ಮನೆ. ಚಾಪೆಯ ಮೇಲೆ ಕೂತು ಕಾಲು ಚಾಚಿದಾಗ ನೋಡಿದೆ, ಬೆರಳ ಸಂದಿಯಲ್ಲಿ ಹೊಸದೊಂದು ಗಾಯಕ್ಕೆ ಅರಿಶಿನ ಮೆತ್ತಿದ್ದಾಳೆ.

"ಇದು ಯಾವಾಗ ಆತು?"

"ಗೊತ್ತಿಲ್ಲ ಅಕ್ಕ."

ನನಗೆ ತಡೆಯಲಾಗಲಿಲ್ಲ. ಅವಳ ಅತ್ತೆಯನ್ನು ಬೈದೆ, ಬೆನ್ನು ಹಿಡಿದು ನೋಡುವ ಅವರ ಕೈಯನ್ನು ಬೈದೆ. ತಲೆಯಾಡಿಸುವ ಗಂಡನನ್ನು ಬೈದೆ. ಮೈದಾನದವರು, ಪುಡಿಯವಳು, ನಿಂಬೆಹಣ್ಣು ಹುಡುಕುವವರು ಯಾರನ್ನೂ ಬಿಡಲಿಲ್ಲ. ಕೊನೆಗೆ ಆ ಯಂತ್ರಕ್ಕೆ ಬಂದೆ. "ಒಂದ್ ನಾಕ್ ಕೇಜಿ ಇಳೀಲಿ ಕಣೆ, ನಿನ್ ಅತ್ತೆ ಬಾಯಿ ಮುಚ್ಚಿಸ್ತೀನಿ. ಅಲ್ಲೀವರ್ಗೂ ಧೈರ್ಯ ಬಿಡಬ್ಯಾಡ. ನನ್ ತೂಕ ನೋಡ್ಕಂಡು ನೀನು ಹಿಂದೆ ಸರೀಬ್ಯಾಡ," ಅಂದೆ.

ಅವಳು ಬಟ್ಟೆಯ ಅಂಚನ್ನು ಮಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ಅಂದಳು: "ನಿನ್ ತೂಕ ಯಾರು ನೋಡಿದ್ರು ಅಕ್ಕ? ನಮ್ ಅತ್ತೆ ನೋಡಿರಬೋದು. ನಾನು ನೋಡ್ಲಿಲ್ಲ."

"ಮತ್ತೆ? ಅಕ್ಕಂದು ನೋಡ್ಕಂಡು ಮಾಡಿಸ್ತೀನಿ ಅಂದ್ಯಲ್ಲ."

"ನಿನ್ನ ನೋಡ್ತೀನಿ ಅಂದೆ. ಆಪರೇಷನ್ ಆದ್ಮೇಲೆ ನೀನು ಒಂದ್ ದಿನಾನೂ ನಗ್ತಾ ಉಂಡಿದ್ದು ನಾನು ಕಾಣ್ಲಿಲ್ಲ. ಯಾರ ಮನೆಗೆ ಹೋದ್ರೂ ಜಗಳ, ಯಾರು ಬಂದ್ರೂ ಬೈಗುಳ. ಫೋನ್ ಮಾಡಿದ್ರೆ ತೊಂಬತ್ತೊಂದು. ಕಾಲು ಹೋಗ್ತೈತೆ ಅಂತ ನನಗೂ ಭಯ ಐತೆ. ಆದ್ರೆ ಹಿಂಗಾಗ್ತೀನಿ ಅಂತ ಅದುಕ್ಕಿಂತ ಭಯ."

ಇಷ್ಟು ತಿಂಗಳು ಕಿಲೋ ಕಿಲೋ ಅಂತ ಯಂತ್ರಕ್ಕೆ ಒದ್ದುಕೊಂಡಿದ್ದೆ, ಇವಳು ನನ್ನ ಮುಖ ನೋಡಿಕೊಂಡು ಹೆದರುತ್ತಾ ಕೂತಿದ್ದಳು. ನಾಚಿಕೆಯಾಯಿತು. ಅಳು ಬಂತು, ಅತ್ತುಬಿಟ್ಟೆ. ಮಂಡಿ ನೋವು ಹೋದದ್ದನ್ನು, ಮೆಟ್ಟಿಲು ಹತ್ತಿದ್ದನ್ನು, ರಾತ್ರಿ ಉಸಿರು ಕಟ್ಟದೆ ಮಲಗುವುದನ್ನು ಇವಳಿಗೆ ಒಂದು ದಿನವೂ ಹೇಳಿರಲಿಲ್ಲ. ಈಗ ಹೇಳಿದೆ. ನೆನಪಾದ ಹಾಗೆ, ಹಿಂದೆ ಮುಂದೆ ಮಾಡಿ ಹೇಳಿದೆ. ನನಗಿದ್ದ ಸಕ್ಕರೆಗೆ ಮಾತ್ರೆ ನಿಂತು ಹೋದದ್ದನ್ನು ಹೇಳಿದಾಗ ಅವಳು ಮಡಿಸುವುದನ್ನು ನಿಲ್ಲಿಸಿದಳು.

"ಅದು ನಿಂತೈತಾ? ಹೇಳಲೇ ಇಲ್ಲ ನೀನು."

"ತೂಕ ನಿಂತಿದ್ದೇ ಹೇಳ್ತಿದ್ದೆ."

ಊಟದ ಹೊತ್ತು ಮೀರಿತ್ತು. ಅವಳಿಗೆ ಮುದ್ದೆ, ಹೆಸರುಕಾಳಿನ ಸಾರು ಬಡಿಸಿದೆ. ನನ್ನ ತಟ್ಟೆಗೆ ಒಂದು ಮೊಟ್ಟೆ, ಸ್ವಲ್ಪ ಕಾಳು ಹಾಕಿಕೊಂಡು ಎದುರಿಗೇ ಕೂತೆ. ಆಪರೇಷನ್ ಆದ ಮೇಲೆ ನಾನು ಯಾರ ಎದುರಿಗೂ ಕೂತು ಉಂಡಿರಲಿಲ್ಲ, ತುತ್ತು ಎಣಿಸುತ್ತಾರೆ ಅಂತ. ಅವಳೂ ನೋಡುತ್ತಿದ್ದಳು. ನನ್ನ ಕೈ, ಬಾಯಿ, ಗಂಟಲು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದಳು.

"ಇಳಿಯೋವಾಗ ನೋಯ್ತೈತಾ?"

"ಅವಸರ ಮಾಡಿದ್ರೆ ನೋಯ್ತೈತೆ."

"ಮತ್ತೆ ನಿಧಾನಕ್ಕೆ ಉಣ್ಣು. ಬಸ್ಸು ಹೋದ್ರೆ ಹೋಗ್ಲಿ, ನಾನು ಇಲ್ಲೇ ಇರ್ತೀನಿ," ಅಂದಳು. ತನ್ನ ತಟ್ಟೆಯ ಮುದ್ದೆಯಿಂದ ಮಗುವಿನ ತುತ್ತಿನಷ್ಟು ಮುರಿದು, ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ನನ್ನ ಹಾಗೆಯೇ ಮೆಲ್ಲಗೆ ನುಂಗಿದಳು. ಇನ್ನೊಂದು ತುತ್ತು ಮುರಿಯುತ್ತಾ ಕೇಳಿದಳು: "ಡಾಕ್ಟ್ರು ದುರ್ಗಕ್ಕೆ ಯಾವತ್ತು ಬರ್ತಾರೆ? ಜೊತೆಗೆ ಹೋಗಾಣ. ಆದ್ರೆ ಅಲ್ಲಿ ಯಾರನ್ನೂ ಬೈಬ್ಯಾಡ ಅಕ್ಕ, ನನಗೆ ಭಯ ಆಗ್ತೈತೆ."